ಹಳೆಯ ಕಾರುಗಳ ಚಕ್ರದ ಸ್ಟಡ್ ಅಳತೆ ಮತ್ತು ನಟ್ಟು ಬಿಗಿಸುವ ಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಾಲ್ಡ್, ಮಿನಿ, ವಿಲ್ಲೀಸ್ ಜೀಪ್, ಲ್ಯಾಂಡ್ ರೋವರ್, ಬೀಟಲ್, ಎಂಜಿ ಮುಂತಾದ ಹಳೆಯ ವಾಹನಗಳನ್ನು ಇಟ್ಟುಕೊಂಡಿರುವವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಸುಲಭದ ಪ್ರಶ್ನೆಗಳು ಮೊದಲು, ಗ್ಯಾರೇಜಿನ ಕೆಲಸ ಬೇಡುವವು ಆಮೇಲೆ.

## ಅಳತೆಯ ವಿಚಾರ

ಸ್ಟಡ್, ಬೋಲ್ಟು, ನಟ್ಟು ಎಲ್ಲ ಒಂದೇ ಅಲ್ಲವೇ?

ಅಲ್ಲ. ಚಕ್ರ ಕೂರುವ ಹಬ್‌ನಲ್ಲಿ ಅಥವಾ ಬ್ರೇಕ್ ಡ್ರಮ್‌ನಲ್ಲಿ ಒತ್ತಿ ಕೂರಿಸಿದ, ಹೊರಕ್ಕೆ ಚಾಚಿಕೊಂಡಿರುವ ಥ್ರೆಡ್ ಕಡ್ಡಿಯೇ ಸ್ಟಡ್. ಅದರ ಮೇಲೆ ತಿರುಗಿ ಚಕ್ರವನ್ನು ಹಿಡಿಯುವುದು ನಟ್ಟು. ಬ್ರಿಟಿಷ್ ಮೂಲದ ಹೆಚ್ಚಿನ ಕಾರುಗಳಲ್ಲಿ ಇರುವುದು ಈ ಜೋಡಿಯೇ. ಫೋಕ್ಸ್‌ವ್ಯಾಗನ್ ಬೀಟಲ್, ಫಿಯೆಟ್ 124, ಹಳೆಯ ಮರ್ಸಿಡಿಸ್ ಕಾರುಗಳಲ್ಲಿ ಸ್ಟಡ್ ಇರುವುದಿಲ್ಲ. ತಲೆಯುಳ್ಳ ಬೋಲ್ಟು ಚಕ್ರದ ಮೂಲಕ ಹಾದು ನೇರವಾಗಿ ಹಬ್‌ನ ಥ್ರೆಡ್‌ಗೆ ಇಳಿಯುತ್ತದೆ. ಬೋಲ್ಟು ಬಳಸುವ ಗಾಡಿಯಲ್ಲಿ ಉದ್ದದ ಬಗ್ಗೆ ಹೆಚ್ಚು ಎಚ್ಚರ ಬೇಕು. ಗಿಡ್ಡವಾದರೆ ಹಿಡಿತ ಸಾಲದು, ಉದ್ದವಾದರೆ ಅದರ ತುದಿ ಹಿಂದಿನ ಬ್ರೇಕ್ ಭಾಗಗಳಿಗೆ ತಾಗುತ್ತದೆ.

ನನ್ನ ಗಾಡಿಯ ಸ್ಟಡ್ ಸೈಜು ಯಾವುದು? ಪಾನಾ ನಂಬರ್ ನೋಡಿದರೆ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಪಾನಾ ಅಳೆಯುವುದು ನಟ್ಟಿನ ಹೊರಮೈಯನ್ನೇ ಹೊರತು ಸ್ಟಡ್ಡನ್ನಲ್ಲ. ಅರ್ಧ ಇಂಚಿನ ಸ್ಟಡ್‌ನ ನಟ್ಟು ಸಾಮಾನ್ಯವಾಗಿ ಮುಕ್ಕಾಲು ಇಂಚಿನದು, ಅಂದರೆ 19.05 ಮಿ.ಮೀ.; 12 ಮಿ.ಮೀ. ಸ್ಟಡ್‌ನ ನಟ್ಟು ಸಾಮಾನ್ಯವಾಗಿ 19 ಮಿ.ಮೀ.ನದು. ಒಂದೇ ಪಾನಾ ಎರಡಕ್ಕೂ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ಥ್ರೆಡ್ ಬೇರೆ ಬೇರೆ.

ಅಳೆಯಬೇಕಾದದ್ದು ಎರಡು: ಥ್ರೆಡ್‌ನ ಹೊರ ವ್ಯಾಸ ಮತ್ತು ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, ಅಂದರೆ ಪಿಚ್. ವ್ಯಾಸಕ್ಕೆ ವರ್ನಿಯರ್ ಕ್ಯಾಲಿಪರ್ ಸಾಕು. ಪಿಚ್‌ಗೆ ಥ್ರೆಡ್ ಗೇಜ್ ಬೇಕು. ಸ್ಟಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ ಮಣ್ಣು, ಬಣ್ಣ ತೆಗೆದ ಮೇಲೆ ಗೇಜ್‌ನ ಹಲ್ಲುಗಳನ್ನು ಥ್ರೆಡ್ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಹಲ್ಲುಗಳ ಸಂದಿನಲ್ಲಿ ಎಲ್ಲಿಯೂ ಬೆಳಕು ಹಾಯದಿದ್ದರೆ ಅದೇ ಪಿಚ್. ಯುಎನ್‌ಎಫ್ ಎಂಬ ಇಂಚಿನ ಸಣ್ಣ ಥ್ರೆಡ್ ಪದ್ಧತಿಯಲ್ಲಿ ಮೂರು ಅಳತೆಗಳು ಹೆಚ್ಚು ಸಿಗುತ್ತವೆ: 3/8 ಇಂಚು, ಇಂಚಿಗೆ 24 ಸುತ್ತು, 7/16 ಇಂಚು, ಇಂಚಿಗೆ 20 ಸುತ್ತು, 1/2 ಇಂಚು, ಅದೂ ಇಂಚಿಗೆ 20 ಸುತ್ತು. ಮೆಟ್ರಿಕ್‌ನಲ್ಲಿ ಎಂ12×1.25 (ಅಂದರೆ 12 ಮಿ.ಮೀ. ವ್ಯಾಸ, 1.25 ಮಿ.ಮೀ. ಪಿಚ್), ಎಂ12×1.5, ಎಂ14×1.5 ಸಾಮಾನ್ಯ.

ನಾಲ್ಕೂ ಚಕ್ರಗಳಲ್ಲಿ ಅಳೆಯಿರಿ. ಐವತ್ತು ಅರವತ್ತು ವರ್ಷ ಓಡಿದ ಗಾಡಿಯಲ್ಲಿ ಹಿಂದಿನ ಆಕ್ಸಲ್ ಇನ್ನೊಂದು ಗಾಡಿಯಿಂದ ಬಂದಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಮುಂದೆ ಇಂಚಿನ ಸ್ಟಡ್, ಹಿಂದೆ ಮೆಟ್ರಿಕ್ ಸ್ಟಡ್ ಇರುವ ಜೀಪುಗಳನ್ನು ಕಂಡವರು ಇದನ್ನು ಅತಿ ಎಚ್ಚರಿಕೆ ಎನ್ನಲಾರರು.

ಯಾವ ಕಾರಿಗೆ ಯಾವ ಸೈಜು ಅಂತ ಒಂದು ಪಟ್ಟಿ ಕೊಟ್ಟುಬಿಡಿ, ಸಾಕು.

ಪಟ್ಟಿಯನ್ನು ಅಳತೆಗೆ ಮುಂಚಿನ ಸುಳಿವಾಗಿ ಮಾತ್ರ ಬಳಸುವುದಾದರೆ ಕೊಡಬಹುದು. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮೂಲವಾದ ಟ್ರಯಂಫ್ ಹೆರಾಲ್ಡ್‌ನಲ್ಲಿ 3/8 ಇಂಚಿನ ನಾಲ್ಕು ಸ್ಟಡ್‌ಗಳು 95.25 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ. ಹಳೆಯ ಮಿನಿ ಮತ್ತು ಮಾರಿಸ್ ಮೈನರ್ 1000 ಕಾರುಗಳಲ್ಲೂ ಸ್ಟಡ್ 3/8 ಇಂಚಿನದೇ, ಆದರೆ ವೃತ್ತ 101.6 ಮಿ.ಮೀ.; ಹೀಗಾಗಿ ನಟ್ಟು ಹೊಂದಿದರೂ ಚಕ್ರ ಹೊಂದುವುದಿಲ್ಲ. ಉಕ್ಕಿನ ಚಕ್ರದ ಎಂಜಿಬಿಗೆ ಅರ್ಧ ಇಂಚಿನ ನಾಲ್ಕು ಸ್ಟಡ್, 114.3 ಮಿ.ಮೀ. ವೃತ್ತ. ವಿಲ್ಲೀಸ್ ಜೀಪಿಗೆ ಅರ್ಧ ಇಂಚಿನ ಐದು ಸ್ಟಡ್, 139.7 ಮಿ.ಮೀ. ವೃತ್ತ.

ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳಲ್ಲಿ ವೃತ್ತ 165.1 ಮಿ.ಮೀ.; ಸ್ಟಡ್ ಮಾತ್ರ ಮೊದಲಿನವುಗಳಲ್ಲಿ 9/16 ಇಂಚಿನ ಬಿಎಸ್‌ಎಫ್ (ಹಳೆಯ ಬ್ರಿಟಿಷ್ ಸಣ್ಣ ಥ್ರೆಡ್), ಸೀರೀಸ್ 3ರ ಕೊನೆಯ ವರ್ಷಗಳಲ್ಲಿ ಎಂ16×1.5. ಬೀಟಲ್‌ನದು ಇನ್ನೊಂದು ಕಥೆ: ಹಳೆಯವುಗಳಲ್ಲಿ 205 ಮಿ.ಮೀ. ವೃತ್ತದಲ್ಲಿ ಐದು ಎಂ12×1.5 ಬೋಲ್ಟುಗಳಿದ್ದವು, 1968ರ ಮಾದರಿ ವರ್ಷದಿಂದ ಬಹುಪಾಲು ಕಾರುಗಳು 130 ಮಿ.ಮೀ. ವೃತ್ತದ ನಾಲ್ಕು ಎಂ14×1.5 ಬೋಲ್ಟುಗಳಿಗೆ ಬದಲಾದವು.

ಅಂಬಾಸಡರ್, ಪದ್ಮಿನಿಗಳಂತೆ ದಶಕಗಟ್ಟಲೆ ತಯಾರಾಗಿ, ಬಿಡಿಭಾಗಗಳು ಪರಸ್ಪರ ಅದಲುಬದಲಾಗುತ್ತ ಬಂದ ಕಾರುಗಳಿಗೆ ಈ ಪಟ್ಟಿಯಲ್ಲಿ ಬೇಕೆಂದೇ ಜಾಗ ಕೊಟ್ಟಿಲ್ಲ. ಅವನ್ನು ಅಳೆದೇ ತಿಳಿಯಬೇಕು.

ಪಿಸಿಡಿ ಅಳೆಯುವುದು ಹೇಗೆ? ಐದು ಸ್ಟಡ್ ಇದ್ದರೆ ಎದುರುಬದುರು ಸ್ಟಡ್ ಸಿಗುವುದೇ ಇಲ್ಲವಲ್ಲ!

ಸ್ಟಡ್‌ಗಳ ನಡುಬಿಂದುಗಳು ಹಾದುಹೋಗುವ ವೃತ್ತದ ವ್ಯಾಸವೇ ಪಿಸಿಡಿ. ನಾಲ್ಕು ಸ್ಟಡ್ ಇದ್ದರೆ ಎದುರಿನ ಎರಡರ ನಡುವಿನ ಅಂತರವೇ ಉತ್ತರ. ಐದಿದ್ದರೆ ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುಬಿಂದುಗಳ ಅಂತರವನ್ನು ಅಳೆದು 1.701ರಿಂದ ಗುಣಿಸಬೇಕು. ಜೀಪಿನಲ್ಲಿ ಆ ಅಂತರ ಸುಮಾರು 82.1 ಮಿ.ಮೀ. ಬರುತ್ತದೆ, ಗುಣಿಸಿದರೆ 139.7. ನಡುಬಿಂದುವನ್ನು ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟವಾದ್ದರಿಂದ ಒಂದು ಸ್ಟಡ್‌ನ ಎಡ ಅಂಚಿನಿಂದ ಪಕ್ಕದ ಸ್ಟಡ್‌ನ ಎಡ ಅಂಚಿಗೆ ಅಳೆಯಿರಿ, ಲೆಕ್ಕ ಒಂದೇ.

ನಟ್ಟು ಕೈಯಲ್ಲೇ ಪೂರ್ತಿ ತಿರುಗಿ ಕೂತಿತು. ಹಾಗಾದರೆ ಸೈಜು ಸರಿ ತಾನೇ?

ಈ ನಂಬಿಕೆಯಷ್ಟು ಅಪಾಯಕಾರಿಯಾದದ್ದು ಈ ವಿಷಯದಲ್ಲಿ ಬೇರೊಂದಿಲ್ಲ. ಅರ್ಧ ಇಂಚಿನ ಯುಎನ್‌ಎಫ್ ಸ್ಟಡ್‌ನ ವ್ಯಾಸ 12.7 ಮಿ.ಮೀ., ಪಿಚ್ 1.27 ಮಿ.ಮೀ. ಎಂ12×1.25 ಸ್ಟಡ್‌ನ ವ್ಯಾಸ 12 ಮಿ.ಮೀ., ಪಿಚ್ 1.25. ಪಿಚ್‌ಗಳ ವ್ಯತ್ಯಾಸ ಒಂದು ಮಿ.ಮೀ.ನ ಐವತ್ತನೇ ಒಂದು ಭಾಗ ಮಾತ್ರ. ಆದ್ದರಿಂದ ಅರ್ಧ ಇಂಚಿನ ನಟ್ಟನ್ನು ಎಂ12×1.25 ಸ್ಟಡ್‌ಗೆ ಹಾಕಿದರೆ ಅದು ಎಲ್ಲಿಯೂ ಸಿಕ್ಕಿಕೊಳ್ಳದೆ ಬುಡದವರೆಗೂ ತಿರುಗುತ್ತದೆ, ಹೊಸ ನಟ್ಟಿಗಿಂತ ಸಲೀಸು ಎನಿಸುತ್ತದೆ ಕೂಡ. ಆದರೆ ಹಲ್ಲುಗಳು ತುದಿಯಲ್ಲಷ್ಟೇ ಒಂದನ್ನೊಂದು ತಾಗಿರುತ್ತವೆ. ಬಿಗಿಸುವಾಗಲೋ ರಸ್ತೆಯಲ್ಲೋ ಅವು ಕಿತ್ತುಬರುತ್ತವೆ.

ಪತ್ತೆ ಮಾಡುವುದು ಸುಲಭ. ನಟ್ಟನ್ನು ಮೂರು ಸುತ್ತು ಹಾಕಿ ಬಿಟ್ಟು, ಬೆರಳಿನಿಂದ ಅಡ್ಡಡ್ಡ ಅಲ್ಲಾಡಿಸಿ. ಸರಿಯಾದ ನಟ್ಟು ಸ್ವಲ್ಪ ಮಾತ್ರ ಅಲುಗುತ್ತದೆ, ತಪ್ಪಾದದ್ದು ಕಣ್ಣಿಗೆ ಕಾಣುವಷ್ಟು ಓಲಾಡುತ್ತದೆ.

ನಟ್ಟಿನ ತುದಿ ಕೆಲವದರಲ್ಲಿ ಚೂಪು, ಕೆಲವದರಲ್ಲಿ ಉಂಡೆ ಇರುತ್ತದೆ. ಯಾವುದಾದರೂ ನಡೆಯುತ್ತದಾ?

ನಡೆಯುವುದಿಲ್ಲ. ಚಕ್ರದ ರಂಧ್ರದ ಅಂಚು ಯಾವ ಆಕಾರದಲ್ಲಿದೆಯೋ ನಟ್ಟಿನ ತುದಿಯೂ ಅದೇ ಆಕಾರದ್ದಾಗಿರಬೇಕು. ಬ್ರಿಟಿಷ್ ಮತ್ತು ಅಮೆರಿಕನ್ ಉಕ್ಕಿನ ಚಕ್ರಗಳಿಗೆ ಬಹುಮಟ್ಟಿಗೆ 60 ಡಿಗ್ರಿಯ ಶಂಕುವಿನಾಕಾರದ ತುದಿ, ನಾಲ್ಕು ಬೋಲ್ಟಿನ ಬೀಟಲ್ ಮತ್ತು ಹಳೆಯ ಮರ್ಸಿಡಿಸ್‌ಗಳಿಗೆ ಗೋಳಾಕಾರದ ತುದಿ, ಕೆಲವು ಅಲಾಯ್ ಚಕ್ರಗಳಿಗೆ ಉದ್ದ ಕುತ್ತಿಗೆ ಮತ್ತು ಚಪ್ಪಟೆ ವಾಷರ್ ಇರುವ ನಟ್ಟು. ಶಂಕುವಿನ ನಟ್ಟನ್ನು ಗೋಳಾಕಾರದ ಕುಳಿಗೆ ಹಾಕಿದರೆ ಕೂದಲೆಳೆಯಷ್ಟು ಅಗಲದ ಒಂದು ಉಂಗುರದಲ್ಲಿ ಮಾತ್ರ ಲೋಹ ಲೋಹಕ್ಕೆ ತಾಗುತ್ತದೆ. ಅದು ಸವೆದ ಕೂಡಲೇ ಬಿಗಿ ಹೋಗುತ್ತದೆ. ಹಳೆಯ ಚಕ್ರ ಕಳಚಿದಾಗ ರಂಧ್ರದ ಅಂಚನ್ನು ನೋಡಿ: ಸುತ್ತಲೂ ಸಮನಾದ ಹೊಳಪಿದ್ದರೆ ಸರಿ, ಒಂದು ಕಡೆ ಮಾತ್ರ ಹೊಳಪಿದ್ದರೆ ಅಥವಾ ಗೀರು ಬಿದ್ದಿದ್ದರೆ ಎಲ್ಲೋ ಹೊಂದಿಕೆ ತಪ್ಪಿದೆ.

## ಬಿಗಿಸುವ ವಿಚಾರ

ಟಾರ್ಕ್ ವ್ರೆಂಚ್ ಬೇಕೇ ಬೇಕಾ? ನಮ್ಮ ತಂದೆ ಪಾನಾ ಮೇಲೆ ಕಾಲಿಟ್ಟು ನಿಂತು ಬಿಗಿಸುತ್ತಿದ್ದರು, ಏನೂ ಆಗಲಿಲ್ಲ.

ತಂದೆಯವರ ಗಾಡಿ ಯಾವುದಾಗಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. 70 ಕಿಲೋ ತೂಕದವರು 40 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ನಿಂತರೆ ಸುಮಾರು 275 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ, ಬೀಳುತ್ತದೆ. ಲಾರಿಯ ಸ್ಟಡ್‌ಗೆ ಅದು ಏನೂ ಅಲ್ಲ. ಮಿನಿಯ 3/8 ಇಂಚಿನ ಸ್ಟಡ್‌ಗೆ ಅದು ಬೇಕಾದದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು.

ನಟ್ಟು ಬಿಗಿಸುವುದೆಂದರೆ ಸ್ಟಡ್ಡನ್ನು ತುಸುವೇ ಹಿಗ್ಗಿಸುವುದು. ರಬ್ಬರಿನಂತೆ ಹಿಗ್ಗಿದ ಸ್ಟಡ್ ಮತ್ತೆ ಕುಗ್ಗಲು ಎಳೆಯುವ ಬಲವೇ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ, ಮತ್ತು ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಬ್ರೇಕಿನ, ಎಂಜಿನ್ನಿನ ಬಲವನ್ನು ದಾಟಿಸುತ್ತದೆ. ಬಿಗಿ ಕಡಿಮೆಯಾದರೆ ಚಕ್ರ ಹಬ್‌ನ ಮೇಲೆ ಜಾರಾಡಿ, ಪ್ರತಿ ಸುತ್ತಿಗೂ ಸ್ಟಡ್ಡನ್ನು ಅತ್ತಿತ್ತ ಬಾಗಿಸುತ್ತದೆ. ಹೆರಾಲ್ಡ್‌ನಂಥ ಕಾರಿನಲ್ಲಿ ಇದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಬಾರಿ ನಡೆದು ಸ್ಟಡ್ ದಣಿದು ಮುರಿಯುತ್ತದೆ. ಬಿಗಿ ಅತಿಯಾದರೆ ಸ್ಟಡ್ ಹಿಗ್ಗಿ, ಮತ್ತೆ ಕುಗ್ಗದ ಸ್ಥಿತಿಗೆ ಬರುತ್ತದೆ. ಅಂಥ ಸ್ಟಡ್ ನೋಡಲು ಚೆನ್ನಾಗಿಯೇ ಇರುತ್ತದೆ. 3/8 ಇಂಚಿನ ಸ್ಟಡ್‌ನಲ್ಲಿ ಬಲ ಹೊರುವ ಅಡ್ಡಕೊಯ್ತ ಸುಮಾರು 57 ಚದರ ಮಿ.ಮೀ., ಅರ್ಧ ಇಂಚಿನದರಲ್ಲಿ ಸುಮಾರು 103. ಒಂದೇ ಕೈ, ಒಂದೇ ಪಾನಾ ಎರಡಕ್ಕೂ ಹೊಂದುವುದಿಲ್ಲ. ಹೊಂದಿಸಿಟ್ಟ ಟಾರ್ಕ್ ಮುಟ್ಟಿದಾಗ ಟಕ್ ಎನ್ನುವ ಟಾರ್ಕ್ ವ್ರೆಂಚ್ ಕೊಳ್ಳಲೇಬೇಕು.

ಎಷ್ಟು ಟಾರ್ಕ್? ಮ್ಯಾನ್ಯುಯಲ್‌ನಲ್ಲಿ 45 ಅಂತಿದೆ, ನನ್ನ ವ್ರೆಂಚ್‌ನಲ್ಲೂ 45ಕ್ಕೆ ಇಟ್ಟೆ. ಸಾಕಲ್ಲ?

ಯಾವ 45 ಎಂದು ಮೊದಲು ನೋಡಿ. ಹಳೆಯ ಬ್ರಿಟಿಷ್ ಕೈಪಿಡಿಗಳು ಪೌಂಡ್ ಅಡಿಯಲ್ಲಿ ಹೇಳುತ್ತವೆ, ಯುರೋಪಿನ ಹಳೆಯವು ಕಿಲೋಗ್ರಾಂ ಮೀಟರಿನಲ್ಲಿ, ಇಂದಿನ ವ್ರೆಂಚ್‌ಗಳು ನ್ಯೂಟನ್ ಮೀಟರಿನಲ್ಲಿ. ಒಂದು ಪೌಂಡ್ ಅಡಿ ಎಂದರೆ 1.356 ನ್ಯೂಟನ್ ಮೀಟರ್. ಒಂದು ಕಿಲೋಗ್ರಾಂ ಮೀಟರ್ ಎಂದರೆ 9.81 ನ್ಯೂಟನ್ ಮೀಟರ್. 45 ಪೌಂಡ್ ಅಡಿ ಬೇಕಾದಲ್ಲಿ 45 ನ್ಯೂಟನ್ ಮೀಟರ್ ಹಾಕಿದರೆ ಬಿಗಿ ಕಾಲು ಭಾಗಕ್ಕಿಂತಲೂ ಹೆಚ್ಚು ಕಡಿಮೆಯಾಯಿತು.

ಹೆರಾಲ್ಡ್ ಕುಟುಂಬದ ಕಾರುಗಳಿಗೆ 38ರಿಂದ 42 ಪೌಂಡ್ ಅಡಿ, ಅಂದರೆ 52ರಿಂದ 57 ನ್ಯೂಟನ್ ಮೀಟರ್. ಮಿನಿಗೆ 42ರಿಂದ 45 ಪೌಂಡ್ ಅಡಿ, 57ರಿಂದ 61 ನ್ಯೂಟನ್ ಮೀಟರ್. ಉಕ್ಕಿನ ಚಕ್ರದ ಎಂಜಿಬಿಗೆ 60ರಿಂದ 65 ಪೌಂಡ್ ಅಡಿ, 81ರಿಂದ 88 ನ್ಯೂಟನ್ ಮೀಟರ್. ಎಂ14 ಸ್ಟಡ್‌ನ ಪೋರ್ಷೆ 911ಕ್ಕೆ 130 ನ್ಯೂಟನ್ ಮೀಟರ್. ಬೇರೆ ಗಾಡಿಗಳವರು ಆ ಗಾಡಿಯ ಕೈಪಿಡಿಯನ್ನೇ ನೋಡಬೇಕು. ‘ಎಲ್ಲ ಕಾರಿಗೂ ನೂರು’ ಎನ್ನುವ ಇಂದಿನ ಗ್ಯಾರೇಜ್ ರೂಢಿ 3/8 ಇಂಚಿನ ಸ್ಟಡ್‌ಗಳ ಪಾಲಿಗೆ ಕಂಟಕ.

ಬಿಗಿಸುವ ಸರದಿ ಅಂತ ಏನಾದರೂ ಇದೆಯೇ?

ಇದೆ. ಚಕ್ರ ಎತ್ತಿರುವಾಗಲೇ ಎಲ್ಲ ನಟ್ಟುಗಳನ್ನು ಕೈಯಿಂದ ತಿರುಗಿಸಿ, ಚಕ್ರವನ್ನು ತುಸು ಅಲ್ಲಾಡಿಸುತ್ತ ಶಂಕುಗಳು ಕುಳಿಯಲ್ಲಿ ಕೂರುವಂತೆ ಮಾಡಿ, ಪಾನಾದಿಂದ ಹಗುರಾಗಿ ಬಿಗಿಸಿ. ಆಮೇಲೆ ಜಾಕ್ ಇಳಿಸಿ, ಟೈರು ನೆಲಕ್ಕೆ ತಾಗಿ ಚಕ್ರ ತಿರುಗದಂತಾದ ಮೇಲೆ ವ್ರೆಂಚ್‌ನಿಂದ ಮೊದಲು ಅರ್ಧ ಟಾರ್ಕ್, ನಂತರ ಪೂರ್ತಿ. ನಾಲ್ಕು ನಟ್ಟಿದ್ದರೆ ಎದುರುಬದುರಾಗಿ, ಐದಿದ್ದರೆ ಒಂದು ಬಿಟ್ಟು ಒಂದರಂತೆ ನಕ್ಷತ್ರದ ಗೆರೆಯಲ್ಲಿ ಸಾಗಬೇಕು. ವ್ರೆಂಚನ್ನು ನಿಧಾನವಾಗಿ ಎಳೆದು, ಒಂದು ಸಲ ಟಕ್ ಎಂದ ಕೂಡಲೇ ನಿಲ್ಲಿಸಿ. ಸಮಾಧಾನಕ್ಕೆಂದು ಇನ್ನೆರಡು ಸಲ ಟಕ್ ಎನಿಸಿದರೆ ಪ್ರತಿ ಸಲವೂ ಬಿಗಿ ಸ್ವಲ್ಪ ಏರುತ್ತದೆ.

ಸ್ಟಡ್‌ಗೆ ಗ್ರೀಸ್ ಹಚ್ಚಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕೈಪಿಡಿ ಹಚ್ಚಿ ಎಂದು ಹೇಳದಿದ್ದರೆ ಬೇಡ. ಬಿಗಿಸುವಾಗ ನಾವು ಹಾಕುವ ಟಾರ್ಕ್‌ನ ಹತ್ತನೇ ಒಂದು ಪಾಲು ಮಾತ್ರ ಸ್ಟಡ್ಡನ್ನು ಹಿಗ್ಗಿಸಲು ಒದಗುತ್ತದೆ, ಮಿಕ್ಕದ್ದೆಲ್ಲ ನಟ್ಟಿನ ತುದಿಯ ಮತ್ತು ಥ್ರೆಡ್‌ನ ಘರ್ಷಣೆಗೆ ಹೋಗುತ್ತದೆ. ಗ್ರೀಸ್ ಹಚ್ಚಿದಾಗ ಘರ್ಷಣೆ ತಗ್ಗಿ, ವ್ರೆಂಚ್ ಅದೇ ಅಂಕಿಯಲ್ಲಿ ಟಕ್ ಎಂದರೂ ಸ್ಟಡ್ ಮೇಲಿನ ಎಳೆತ ಬಹಳ ಹೆಚ್ಚಿರುತ್ತದೆ. ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಒಣ, ಶುಚಿಯಾದ ಥ್ರೆಡ್‌ಗೆ ಹೇಳಿದವು.

ಕರಾವಳಿಯಲ್ಲಿರುವವರು ತುಕ್ಕಿನ ಕಾಟ ಹೇಳಿಕೊಳ್ಳುವುದು ನ್ಯಾಯವೇ. ಅವರು ವರ್ಷಕ್ಕೆರಡು ಬಾರಿ ಚಕ್ರ ಕಳಚಿ, ಸ್ಟಡ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಒಣಬಟ್ಟೆಯಲ್ಲಿ ಒರೆಸಲಿ. ಗ್ರೀಸನ್ನು ಬೇಕಿದ್ದರೆ ಚಕ್ರದ ನಡುರಂಧ್ರ ಹಬ್‌ಗೆ ತಾಗುವ ಅಂಚಿಗೆ ಮಾತ್ರ ತೆಳುವಾಗಿ ಸವರಲಿ. ನಟ್ಟು ಬಿಡಿಸಲು ಸುರಿದ ತುಕ್ಕುಬಿಡಿಸುವ ಎಣ್ಣೆಯನ್ನು ಮತ್ತೆ ಬಿಗಿಸುವ ಮುನ್ನ ಒರೆಸಿ ತೆಗೆಯಬೇಕು.

ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ ಹಾಕಿ ಬಿಗಿಸುತ್ತಾರೆ. ಬೇಡ ಅನ್ನಬೇಕೇ?

ಬೇಡ ಎನ್ನಿ. ಕೈಯಿಂದ ಕೂರಿಸಿಕೊಟ್ಟರೆ ಸಾಕೆಂದು ಹೇಳಿ, ಅಲ್ಲಿಯೇ ನಿಮ್ಮ ವ್ರೆಂಚ್‌ನಿಂದ ಮುಗಿಸಿ. ಆಗಲೇ ಗನ್ ಹಾಕಿ ಆಗಿದ್ದರೆ ನಟ್ಟುಗಳನ್ನು ಪಾನಾದಿಂದ ಸಡಿಲಿಸಿ ಮತ್ತೆ ಬಿಗಿಸಬೇಕು; ಅತಿ ಬಿಗಿಯಾದ ನಟ್ಟಿನ ಮೇಲೆ ವ್ರೆಂಚ್ ಇಟ್ಟರೆ ಅದು ತಕ್ಷಣ ಟಕ್ ಎನ್ನುತ್ತದೆ, ಆ ಸದ್ದಿನಿಂದ ಏನೂ ತಿಳಿಯುವುದಿಲ್ಲ. ಸಡಿಲಿಸಲು ಟಾರ್ಕ್ ವ್ರೆಂಚ್ ಬಳಸಬೇಡಿ.

ಚಕ್ರ ಹಾಕಿದ ಮೇಲೆ ಮತ್ತೆ ಯಾವಾಗ ನೋಡಬೇಕು?

50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ತಣ್ಣಗಿರುವಾಗ. ಸ್ಟೆಪ್ನಿ ಹಾಕಿಕೊಂಡು ಮನೆ ತಲುಪಿದವರು ಇದನ್ನು ಮರೆಯುವುದೇ ಹೆಚ್ಚು.

## ತೊಂದರೆಗಳು, ಬದಲಾವಣೆಗಳು

ಎಷ್ಟು ಬಿಗಿಸಿದರೂ ಒಂದು ಚಕ್ರದ ನಟ್ಟುಗಳು ಸಡಿಲವಾಗುತ್ತಲೇ ಇವೆ. ಯಾಕೆ?

ಗಾಡಿಗೆ ಇತ್ತೀಚೆಗೆ ಬಣ್ಣ ಹೊಡೆಸಿದ್ದೀರಾ ಎಂಬುದೇ ಮೊದಲ ಮರುಪ್ರಶ್ನೆ. ಪೌಡರ್ ಕೋಟಿಂಗ್ ಆಗಲಿ, ಎರಡು ಮೂರು ಪದರದ ಬಣ್ಣವಾಗಲಿ, ಚಕ್ರ ಹಬ್‌ಗೆ ತಾಗುವ ಮುಖದಲ್ಲೂ ನಟ್ಟು ಕೂರುವ ಕುಳಿಯಲ್ಲೂ ಇದ್ದರೆ ಒತ್ತಡಕ್ಕೆ ನಿಧಾನವಾಗಿ ಜಜ್ಜಿ ತೆಳುವಾಗುತ್ತದೆ. ಸ್ಟಡ್ ಹಿಗ್ಗಿರುವುದು ಮಿ.ಮೀ.ನ ಸಣ್ಣದೊಂದು ಅಂಶ ಮಾತ್ರವಾದ್ದರಿಂದ ಬಣ್ಣ ಅಷ್ಟು ತೆಳುವಾದರೂ ಬಿಗಿ ಮಾಯವಾಗುತ್ತದೆ. ಬಣ್ಣ ಹೊಡೆಯುವವರಿಗೆ ಈ ಎರಡು ಜಾಗಗಳನ್ನು ಮುಚ್ಚಿ ಹೊಡೆಯುವಂತೆ ಮೊದಲೇ ಹೇಳಬೇಕು. ಆಗಿಹೋಗಿದ್ದರೆ ಕೆರೆದು ಲೋಹ ಕಾಣಿಸಬೇಕು. ಡ್ರಮ್ ಮುಖದ ತುಕ್ಕಿನ ಚಕ್ಕೆಗಳು, ಅಗಲವಾಗಿ ಸವೆದ ರಂಧ್ರಗಳು ಇದೇ ತೊಂದರೆ ಕೊಡುತ್ತವೆ. ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ ಚಕ್ರವನ್ನು ಗುಜರಿಗೆ ಹಾಕುವುದೇ ಸರಿ. ಬೆಸುಗೆ ಹಾಕಿಸಿ ಉಳಿಸಿಕೊಳ್ಳುವ ಉಳಿತಾಯ ಬೇಡ.

ಒಂದು ಸ್ಟಡ್ ಮುರಿದಿದೆ. ಲೇತ್ ಅಂಗಡಿಯಲ್ಲಿ ಅದೇ ಅಳತೆಗೆ ಮಾಡಿಸಿಕೊಳ್ಳಬಹುದೇ?

ಅಳತೆ ಒಂದೇ ಬರಬಹುದು, ಬಲ ಬರುವುದಿಲ್ಲ. ಸ್ಟಡ್, ಬೋಲ್ಟುಗಳ ಬಲದ ದರ್ಜೆಗಳಲ್ಲಿ 10.9 ದರ್ಜೆಯ ಉಕ್ಕು ಪ್ರತಿ ಚದರ ಮಿ.ಮೀ.ಗೆ ಸುಮಾರು 900 ನ್ಯೂಟನ್ ಎಳೆತದವರೆಗೆ ಹಿಗ್ಗಿ ಮರಳಿ ಕುಗ್ಗುತ್ತದೆ, 8.8 ದರ್ಜೆಯದು 640ರವರೆಗೆ. ಲೇತ್‌ನಲ್ಲಿ ಸಾಮಾನ್ಯವಾಗಿ ಸಿಗುವ ಮೈಲ್ಡ್ ಸ್ಟೀಲ್ ಕಡ್ಡಿ 250ರ ಆಸುಪಾಸಿನಲ್ಲೇ ಸೋಲುತ್ತದೆ. ಜೊತೆಗೆ ಕಾರ್ಖಾನೆಯ ಸ್ಟಡ್‌ಗಳ ಥ್ರೆಡ್ಡನ್ನು ಒತ್ತಿ ಉರುಳಿಸಿ ಮೂಡಿಸಿರುತ್ತಾರೆ. ಲೇತ್‌ನಲ್ಲಿ ಕೊರೆದ ಥ್ರೆಡ್‌ನ ಬುಡದಲ್ಲಿ ಬಿರುಕು ಹುಟ್ಟುವ ಸಂಭವ ಹೆಚ್ಚು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಮುರಿದ ಸ್ಟಡ್ಡನ್ನೇ ಒಯ್ಯಿರಿ. ಥ್ರೆಡ್ ಅಷ್ಟೇ ಅಲ್ಲ, ಬುಡದಲ್ಲಿ ಹಲ್ಲುಗೀರುಗಳಿರುವ ಭಾಗದ ವ್ಯಾಸವನ್ನೂ ಉದ್ದವನ್ನೂ ಹೋಲಿಸಿ ನೋಡಬೇಕು. ಆ ಭಾಗ ತುಸು ಸಣ್ಣದಾದರೂ ಸ್ಟಡ್ ಹಬ್‌ನಲ್ಲಿ ಸುತ್ತಲು ತೊಡಗಿ, ಮುಂದೊಮ್ಮೆ ನಟ್ಟು ಬಿಚ್ಚಲಾಗದೆ ಕತ್ತರಿಸಬೇಕಾಗುತ್ತದೆ. ಹೊಸ ಸ್ಟಡ್ಡನ್ನು ಪ್ರೆಸ್‌ನಲ್ಲಿ ಒತ್ತಿಸುವುದು ಉತ್ತಮ. ಚಕ್ರದ ನಟ್ಟನ್ನೇ ಹಾಕಿ ಗನ್ನಿನಿಂದ ಎಳೆದು ಕೂರಿಸಿದರೆ ಬಳಕೆಗೆ ಬರುವ ಮುನ್ನವೇ ಥ್ರೆಡ್ ಹಾಳಾಗಿರುತ್ತದೆ. ಒಂದು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಿಸಿ, ಏಕೆಂದರೆ ಅದರ ಭಾರವನ್ನು ಉಳಿದವು ಆಗಲೇ ಹೊತ್ತಿವೆ.

ಜೀಪಿನ ಎಡಗಡೆ ಚಕ್ರದ ನಟ್ಟು ಬಿಚ್ಚಲು ಇಬ್ಬರು ಪಾನಾ ಮೇಲೆ ನಿಂತರೂ ಜಗ್ಗಲಿಲ್ಲ!

ನೀವು ಬಹುಶಃ ಇನ್ನಷ್ಟು ಬಿಗಿಸುತ್ತಿದ್ದೀರಿ. ವಿಲ್ಲೀಸ್ ಜೀಪುಗಳಲ್ಲಿ, 1970ರವರೆಗಿನ ಕ್ರೈಸ್ಲರ್ ಸಮೂಹದ ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡ ಥ್ರೆಡ್ ಇರುತ್ತಿತ್ತು. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಚಕ್ರದ ತಿರುಗುವಿಕೆಯಿಂದ ನಟ್ಟು ಬಿಚ್ಚಿಕೊಳ್ಳದಿರಲಿ ಎಂಬುದು ಅಂದಿನ ಆಲೋಚನೆ. ಶಂಕುವಿನ ನಟ್ಟು ಸರಿಯಾದ ಬಿಗಿಯಲ್ಲಿದ್ದರೆ ಅದರ ಅಗತ್ಯವಿಲ್ಲವೆಂದು ಉಳಿದ ತಯಾರಕರು ಕಂಡುಕೊಂಡಿದ್ದರು.

ಸ್ಟಡ್‌ನ ತುದಿಯನ್ನು ಉಜ್ಜಿ ನೋಡಿದರೆ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ ಕಾಣಬಹುದು. ಆದರೆ ಯಾರೋ ಹಿಂದೊಮ್ಮೆ ಹಬ್ ಬದಲಿಸಿದ್ದರೆ ಎಡಬದಿಯಲ್ಲೂ ಬಲ ಥ್ರೆಡ್ ಇರಬಹುದು. ಅಕ್ಷರ ಅಳಿಸಿಹೋಗಿದ್ದರೆ ಥ್ರೆಡ್‌ನ ಓರೆಯನ್ನು ನೋಡಿ: ಸ್ಟಡ್ಡನ್ನು ನೆಟ್ಟಗೆ ನಿಂತಂತೆ ಕಲ್ಪಿಸಿಕೊಂಡಾಗ ಗೆರೆಗಳು ಬಲಕ್ಕೆ ಏರಿದರೆ ಬಲ ಥ್ರೆಡ್, ಎಡಕ್ಕೆ ಏರಿದರೆ ಎಡ ಥ್ರೆಡ್.

ಫಿಯೆಟ್‌ಗೆ 100 ಪಿಸಿಡಿ ಅಲಾಯ್ ಹಾಕಿದೆ, ಬೋಲ್ಟೂ ಹಿಡಿಯಿತು. ಎರಡು ಮಿ.ಮೀ. ವ್ಯತ್ಯಾಸ ದೊಡ್ಡದೇ?

ದೊಡ್ಡದೇ. ಫಿಯೆಟ್ 124ರ ವೃತ್ತ 98 ಮಿ.ಮೀ. ಅದರ ಮೇಲೆ 100ರ ಚಕ್ರ ಕೂರಿಸಿದಾಗ ಪ್ರತಿ ಬೋಲ್ಟೂ ಕುಳಿಯ ಒಂದು ಬದಿಗೆ ಮಾತ್ರ ಒತ್ತಿಕೊಂಡು, ತಾನೂ ತುಸು ಬಾಗಿರುತ್ತದೆ. ವ್ರೆಂಚ್ ಟಕ್ ಎನ್ನುತ್ತದೆ, ಆದರೆ ಚಕ್ರ ಹಬ್‌ಗೆ ಒತ್ತಿಕೊಂಡಿರುವುದಿಲ್ಲ. ಕಳಚಿ ಇಡಿ.

ಅಲಾಯ್ ಹಾಕಿದ ಮೇಲೆ ನಟ್ಟು ಎಷ್ಟು ಸುತ್ತು ಹಿಡಿದಿರಬೇಕು?

ಕಡಿಮೆಯೆಂದರೆ ಸ್ಟಡ್‌ನ ವ್ಯಾಸದಷ್ಟು ಉದ್ದ. ಸುತ್ತಿನ ಲೆಕ್ಕದಲ್ಲಿ 3/8 ಯುಎನ್‌ಎಫ್‌ಗೆ 9, ಅರ್ಧ ಇಂಚಿಗೆ 10, ಎಂ12×1.5ಕ್ಕೆ 8. ಉಕ್ಕಿನ ಚಕ್ರಕ್ಕಿಂತ ಅಲಾಯ್ ದಪ್ಪವಾದ್ದರಿಂದ, ಅದರ ಜೊತೆಗೆ ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಇಡುವ ಬಿಲ್ಲೆ) ಕೂಡ ಸೇರಿದರೆ, ಹಳೆಯ ಸ್ಟಡ್ ಸಾಮಾನ್ಯವಾಗಿ ಗಿಡ್ಡವಾಗುತ್ತದೆ. ಮುಚ್ಚಿದ ತಲೆಯ ನಟ್ಟಿನಲ್ಲಿ ಇದಕ್ಕೆ ವಿರುದ್ಧ ತೊಂದರೆಯೂ ಉಂಟು: ಉದ್ದದ ಸ್ಟಡ್ ಒಳಗೆ ತಳ ಮುಟ್ಟಿ, ಚಕ್ರ ಸಡಿಲವಿದ್ದರೂ ನಟ್ಟು ಬಿಗಿಯಾದಂತೆ ತೋರುತ್ತದೆ.

ಹೆರಾಲ್ಡ್‌ನ ಸ್ಟಡ್ ಬಹಳ ಸಣ್ಣ ಅನ್ನಿಸುತ್ತದೆ. ಎಂ12 ಹಾಕಿಸಿಬಿಡಲೇ?

ಮೂಲ ಚಕ್ರ, ಮೂಲ ಎಂಜಿನ್, ಸಾಧಾರಣ ಓಡಾಟ ಇಷ್ಟೇ ಆದರೆ ಹೊಸ 3/8 ಇಂಚಿನ ಸ್ಟಡ್ ಸಾಕು. ಅಗಲದ ಟೈರು, ಹೆಚ್ಚಿನ ಶಕ್ತಿಯ ಎಂಜಿನ್, ರ‍್ಯಾಲಿ ಇದ್ದರೆ ಮಾತ್ರ ದೊಡ್ಡ ಸ್ಟಡ್‌ಗೆ ಅರ್ಥವಿದೆ. ಆಗಲೂ ಹಬ್‌ನ ರಂಧ್ರಗಳನ್ನು ಕೈ ಡ್ರಿಲ್‌ನಿಂದ ದೊಡ್ಡದು ಮಾಡಕೂಡದು; ಒಂದು ರಂಧ್ರ ಅರ್ಧ ಮಿ.ಮೀ. ಸರಿದರೂ ಚಕ್ರ ನಡುಬಿಂದುವಿನಿಂದ ತಪ್ಪುತ್ತದೆ. ಹಬ್ಬನ್ನು ಕಳಚಿ ಮಿಲ್ಲಿಂಗ್ ಯಂತ್ರದಲ್ಲಿ ಕೋನ ಹಿಡಿದು ಕೊರೆಸಬೇಕು. ಚಕ್ರದ ಕುಳಿಗಳೂ ದೊಡ್ಡ ನಟ್ಟಿಗೆ ಹೊಂದಬೇಕು, ಸ್ಟೆಪ್ನಿಯೂ ಸೇರಿ. ಮೂಲ ಚಕ್ರವನ್ನೇ ಉಳಿಸಿಕೊಂಡು ಟಾರ್ಕ್ ಏರಿಸಿದರೆ ಸೋಲುವುದು ಆ ತೆಳು ಉಕ್ಕಿನ ಕುಳಿ.

ನನ್ನ ಎಂಜಿಗೆ ನಡುವೆ ರೆಕ್ಕೆಯಿರುವ ಒಂದೇ ದೊಡ್ಡ ನಟ್ಟು. ಇದಕ್ಕೆ ಎಷ್ಟು ಟಾರ್ಕ್, ಯಾವ ಕಡೆ ತಿರುಗಿಸಬೇಕು?

ಈ ಕಡ್ಡಿಚಕ್ರದ ಪದ್ಧತಿಯಲ್ಲಿ ಬಲವನ್ನು ದಾಟಿಸುವುದು ಹಬ್‌ನ ಮೇಲಿನ ಹಲ್ಲುಗೀರುಗಳು. ನಡುವಿನ ನಟ್ಟು ಚಕ್ರವನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಇದನ್ನು ಟಾರ್ಕ್ ಅಂಕಿಯಿಂದಲ್ಲ, ತಾಮ್ರದ ಅಥವಾ ಸೀಸದ ಸುತ್ತಿಗೆಯಿಂದ ರೆಕ್ಕೆಗೆ ಹೊಡೆದು, ಇನ್ನು ಸರಿಯದು ಎನ್ನುವವರೆಗೆ ಬಿಗಿಸುತ್ತಾರೆ. ಚಕ್ರ ನೆಲದಿಂದ ಎತ್ತಿರುವಾಗ, ಯಾರಾದರೂ ಬ್ರೇಕ್ ಒತ್ತಿ ಹಿಡಿದಿರುವಾಗ ಹೊಡೆಯುವುದು ಒಳ್ಳೆಯದು. ಭಾರ ಬಿದ್ದ ಚಕ್ರ ಶಂಕುವಿನ ಮೇಲೆ ಓರೆಯಾಗಿ ಕೂರುತ್ತದೆ. 1968ರಿಂದ ಅಮೆರಿಕದ ಸುರಕ್ಷತಾ ನಿಯಮ ರೆಕ್ಕೆಗಳನ್ನು ನಿಷೇಧಿಸಿದ್ದರಿಂದ ಬಂದ ಎಂಟು ಮೂಲೆಯ ನಟ್ಟುಗಳಿಗೆ ಅದರದೇ ಆದ ದೊಡ್ಡ ಪಾನಾ ಬೇಕು.

ದಿಕ್ಕಿನ ವಿಷಯದಲ್ಲಿ ಇದು ಜೀಪಿನ ತದ್ವಿರುದ್ಧ: ಕಾರಿನ ಎಡಬದಿಯಲ್ಲಿ ಬಲ ಥ್ರೆಡ್, ಬಲಬದಿಯಲ್ಲಿ ಎಡ ಥ್ರೆಡ್. ಎರಡೂ ಬದಿಗಳಲ್ಲಿ ಬಿಗಿಸುವಾಗ ಮೇಲ್ತುದಿಯ ರೆಕ್ಕೆ ಕಾರಿನ ಹಿಂಬದಿಗೆ ಸರಿಯಬೇಕು, ಬಿಚ್ಚುವಾಗ ಮುಂಬದಿಗೆ. ಹೀಗೆ ಜೋಡಿಸಿದಾಗ ಓಡಾಟದಲ್ಲಿ ನಟ್ಟು ತಾನಾಗಿ ಬಿಗಿಯುವ ಕಡೆಗೆ ಸರಿಯುತ್ತದೆ. ದುರಸ್ತಿಯಲ್ಲಿ ಹಬ್‌ಗಳು ಎಡ ಬಲ ಅದಲುಬದಲಾದರೆ ಅದೇ ಗುಣ ತಿರುಗಿಬಿದ್ದು ನಟ್ಟು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಹಬ್ ಕೆಲಸ ಮಾಡಿಸಿದ ಪ್ರತಿ ಸಲವೂ ಗಾಡಿಯನ್ನು ಗ್ಯಾರೇಜಿನಿಂದ ಹೊರಡಿಸುವ ಮುನ್ನ ಈ ದಿಕ್ಕನ್ನು ಪರೀಕ್ಷಿಸಿ. ಹಲ್ಲುಗೀರುಗಳಿಗೆ ಗ್ರೀಸ್ ಹಚ್ಚುವುದು ಇಲ್ಲಿ ಕಡ್ಡಾಯ. ಬ್ರೇಕ್ ಹಿಡಿದಾಗ ಒಮ್ಮೆ, ಕ್ಲಚ್ ಬಿಟ್ಟಾಗ ಒಮ್ಮೆ ಚಕ್ರದಿಂದ ಕಟಕ್ ಎಂಬ ಸದ್ದು ಬರತೊಡಗಿದರೆ ಆ ಹಲ್ಲುಗಳು ಸವೆದಿವೆ, ಹಬ್ ಮತ್ತು ಚಕ್ರ ಎರಡನ್ನೂ ಒಟ್ಟಿಗೆ ಬದಲಿಸಬೇಕು.